ದಾಕ್ಷಿಣ್ಯಪ್ಪನವರ ನಿದ್ದೆಯೂ ಕಾರ್ಖಾನೆಯ ನಿವೃತ್ತಿ ನಿಧಿಯೂ

ದಾಕ್ಷಿಣ್ಯಪ್ಪ ಎಂಬುದು ಅವರ ತಂದೆತಾಯಿ ಇಟ್ಟ ಹೆಸರಲ್ಲ. ಹೆಂಡತಿಯ ಅಣ್ಣ ಒಮ್ಮೆ ತಮಾಷೆಗೆ ಕರೆದದ್ದು. ಹಾಗೆ ಕರೆಯಬೇಡಿ ಎಂದು ಹೇಳುವುದಕ್ಕೆ ಅವರಿಗೆ ದಾಕ್ಷಿಣ್ಯವಾಯಿತು, ಓಗೊಟ್ಟುಬಿಟ್ಟರು. ಅಂದಿನಿಂದ ಅದೇ ಕಾಯಂ ಆಯಿತು.

ಅವರಿಗೆ ಬೀಗದ ಕಾರ್ಖಾನೆಯಲ್ಲಿ ತಾಳೆ ನೋಡುವ ಕೆಲಸ. ಹೊಸ ಬೀಗಕ್ಕೆ ಅದರ ಬೀಗದ ಕೈ ಹಾಕಿ ತಿರುಗಿಸಬೇಕು. ಟಕ್ ಎಂದು ತೆರೆದರೆ ಬಲಗಡೆಯ ಬುಟ್ಟಿಗೆ, ತೆರೆಯದಿದ್ದರೆ ಎಡಗಡೆಯದಕ್ಕೆ. ಹೀಗೆ ಜೀವಮಾನವಿಡೀ ಪರರ ಮನೆಗಳನ್ನು ಭದ್ರ ಮಾಡಿದ ಈ ಮನುಷ್ಯನ ಮನೆಯ ಬಾಗಿಲು ಮಾತ್ರ ಯಾರು ತಟ್ಟಿದರೂ ತೆರೆಯುತ್ತಿತ್ತು. ತಟ್ಟಿದವರು ಏನು ತಂದಿದ್ದರೂ ಅದನ್ನು ಇಲ್ಲೇ ಬಿಟ್ಟು ದುಡ್ಡು ತೆಗೆದುಕೊಂಡು ಹೋಗುತ್ತಿದ್ದರು. ಅಟ್ಟದ ಮೇಲೆ ನೆಲ ಒರೆಸುವ ಯಂತ್ರಗಳು ಮೂರಿದ್ದವು. ತಲೆಯಲ್ಲಿ ಕೂದಲೇ ಇಲ್ಲದ ಅವರ ಬಳಿ ಕೂದಲು ಉದುರದಂತೆ ಮಾಡುವ ಎಣ್ಣೆಯ ಪೆಟ್ಟಿಗೆಯಿತ್ತು. ಒಂದು ವಿಶ್ವಕೋಶದ ಏಳನೆಯ ಸಂಪುಟ ಮಾತ್ರ ಇತ್ತು. ಅದೊಂದು ಮಾರಾಟವಾಗದೆ ಉಳಿದಿದೆ ಎಂದು ಮಾರುವವನು ಕಣ್ಣಲ್ಲಿ ನೀರು ತಂದುಕೊಂಡನಂತೆ.

"ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಸಿಗಲ್ಲ ಅಂತ ಹಿರಿಯರು ಸುಮ್ನೆ ಹೇಳಿಲ್ಲ," ಎನ್ನುತ್ತಿದ್ದರು ಹೆಂಡತಿ. "ಬೇಡ ಅನ್ನೋದಕ್ಕೆ ಎರಡೇ ಅಕ್ಷರ. ಕನ್ನಡಿ ಮುಂದೆ ನಿಂತ್ಕೊಂಡು ದಿನಾ ಹೇಳಿ, ಅಭ್ಯಾಸ ಆಗುತ್ತೆ."

ದಾಕ್ಷಿಣ್ಯಪ್ಪನವರು ನಿಂತು ಹೇಳಿದರು. ಆದರೆ ಕನ್ನಡಿಯಲ್ಲಿದ್ದವನ ಮುಖ ಬಾಡಿದ್ದನ್ನು ಕಂಡು ಅವನಿಗೂ ಬೇಡ ಎನ್ನಲಾಗದೆ ಒಳಗೆ ಬಂದರು.

ಹೆಂಡತಿಯ ಸಿಟ್ಟಿಗೆ ಕಾರಣವಿತ್ತು. ಅವರ ಬಾಡಿಗೆ ಮನೆ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ, ಮೆಟ್ಟಿಲು ಕಡಿದಾಗಿತ್ತು, ಆಕೆಗೆ ಮೊಣಕಾಲು ನೋವು. ತರಕಾರಿ ಚೀಲ ಹಿಡಿದು ಹತ್ತಿ ಬರುವಾಗ ಪ್ರತಿ ತಿರುವಿನಲ್ಲೂ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಆ ಗೋಡೆಯ ಸುಣ್ಣದ ಮೇಲೆ ಅವರ ಭುಜದ ಗುರುತು ಬಿದ್ದಿತ್ತು. ನೆಲಮಹಡಿಯ ಎರಡು ಕೋಣೆಯ ಮನೆ ಟೈಲರಮ್ಮನದು. ಆಕೆ ಅದನ್ನು ಮಾರಿ ಮಗಳ ಮನೆಗೆ ಹೋಗುವವರಿದ್ದರು. "ನಿಮ್ಮ ಯಜಮಾನರು ನಿವೃತ್ತಿ ಆಗೋವರೆಗೂ ಕಾಯ್ತೀನಮ್ಮ, ಬೇರೆಯವರಿಗೆ ಕೊಡಲ್ಲ," ಎಂದು ಮಾತು ಕೊಟ್ಟಿದ್ದರು. ನಿವೃತ್ತಿಗೆ ಇನ್ನು ಒಂದು ವರ್ಷವಿತ್ತು. ನಿವೃತ್ತಿ ನಿಧಿಯ ಹಣ ಸರಿಯಾಗಿ ಬಂದರೆ ಕೆಳಗಿನ ಮನೆ, ಬಾರದಿದ್ದರೆ ಮೂರು ಮಹಡಿಯ ಮೆಟ್ಟಿಲು. ದಂಪತಿಗಳ ಮುಂದಿನ ಬದುಕೆಲ್ಲ ಇಷ್ಟರ ಮೇಲೆ ನಿಂತಿತ್ತು.

ಈಗ ಆ ನಿಧಿಯ ವಿಷಯ. ಕಾರ್ಖಾನೆಯ ಕೆಲಸಗಾರರ ಸಂಬಳದಲ್ಲಿ ತಿಂಗಳು ತಿಂಗಳು ಒಂದು ಪಾಲು ಮುರಿದು ಹೊರಗಿನ ಒಂದು ಸಂಸ್ಥೆಗೆ ಕಳಿಸುತ್ತಿದ್ದರು. ಆ ಸಂಸ್ಥೆ ಅದನ್ನು ಷೇರುಪೇಟೆಯಲ್ಲಿ ಹಾಕಿ ಬೆಳೆಸಬೇಕು. ಅಲ್ಲಿ ಚಿರತೆ, ಗಿಡುಗ, ಕುದುರೆ ಎಂಬ ಮೂರು ಯೋಜನೆಗಳಿದ್ದವು. ಚಿರತೆಯನ್ನು ಓಡಿಸುವುದಕ್ಕೆ ದೊಡ್ಡ ಕಟ್ಟಡದಲ್ಲಿ ಬುದ್ಧಿವಂತರು ಕೂತಿದ್ದರು. ಅವರ ಸಂಬಳ, ಅವರ ತಂಪು ಕೋಣೆಯ ಖರ್ಚು ಎಲ್ಲವೂ ಚಿರತೆಯ ಬೆನ್ನ ಮೇಲೆಯೇ. ಒಂದು ಯೋಜನೆಯಿಂದ ಇನ್ನೊಂದಕ್ಕೆ ಹಾರಿದರೆ ಹಾರಿದ್ದಕ್ಕೂ ಶುಲ್ಕ. ಇವಲ್ಲದೆ ಹೆಸರಿಲ್ಲದ ನಾಲ್ಕನೆಯದೊಂದಿತ್ತು. ಯಾವುದನ್ನೂ ಆರಿಸದವರ ಹಣ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಅದು ಪೇಟೆಯಲ್ಲಿರುವ ಎಲ್ಲ ಕಂಪನಿಗಳಲ್ಲೂ ಚೂರುಚೂರು ಕೊಂಡು ಸುಮ್ಮನೆ ಕೂತಿರುತ್ತಿತ್ತು. ಅದಕ್ಕೆ ಬುದ್ಧಿವಂತರು ಬೇಕಾಗಿರಲಿಲ್ಲ, ಹಾಗಾಗಿ ಖರ್ಚೂ ಇರಲಿಲ್ಲ.

ಕೆಲಸಕ್ಕೆ ಸೇರಿದ ದಿನ ದಾಕ್ಷಿಣ್ಯಪ್ಪನವರ ಮುಂದೆ ಮೂರು ಯೋಜನೆಗಳ ಅರ್ಜಿ ಇಟ್ಟಿದ್ದರು. ಒಂದನ್ನು ಆರಿಸಿದರೆ ಉಳಿದೆರಡರವರಿಗೆ ಬೇಸರವಾದೀತೆಂದು ಅವರು ಖಾಲಿ ಬಿಟ್ಟಿದ್ದರು.

ಮೂರು ತಿಂಗಳಿಗೊಮ್ಮೆ ಆ ಸಂಸ್ಥೆಯ ಪ್ರತಿನಿಧಿ ಬರುತ್ತಿದ್ದರು. ಎಲ್ಲರೂ ಅವರನ್ನು ಟೈ ಸಾಹೇಬರು ಎನ್ನುತ್ತಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಕ್ಯಾಂಟೀನಿನಲ್ಲಿ ಸಭೆ. ದೀಪ ಆರಿಸಿ ಗೋಡೆಯ ಮೇಲೆ ಏರುವ ಗೆರೆ, ಇಳಿಯುವ ಗೆರೆ ತೋರಿಸುತ್ತಿದ್ದರು. ಕಳೆದ ಸಲ ಯಾವುದು ಓಡಿತ್ತೋ ಅದಕ್ಕೆ ಜನ ಹಾರುತ್ತಿದ್ದರು. ಇವರು ಹಾರಿದ ಕೂಡಲೇ ಅದು ಕುಂಟುತ್ತಿತ್ತು, ಬಿಟ್ಟು ಬಂದದ್ದು ಓಡುತ್ತಿತ್ತು. ಹಾರುವುದರಲ್ಲಿ ಮೊದಲಿಗರು ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು. ನಮ್ಮ ದಾಕ್ಷಿಣ್ಯಪ್ಪನವರಿಗೆ ಹೆಸರಿಟ್ಟ ಭಾವ ಅವರೇ. ಪೇಟೆ ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡೇ ಓಡಾಡುವ ಆಸಾಮಿ.

ದಾಕ್ಷಿಣ್ಯಪ್ಪನವರು ಹಿಂದಿನ ಸಾಲಿನಲ್ಲಿ ಅಂಗೈಗೆ ಗಲ್ಲ ಊರಿ ಕೂರುತ್ತಿದ್ದರು. ಹೊಟ್ಟೆ ತುಂಬಿದೆ, ಕತ್ತಲಿದೆ, ಫ್ಯಾನು ತಿರುಗುತ್ತಿದೆ. ಕೂತಲ್ಲೇ, ಬೆನ್ನು ಬಾಗದೆ, ಒಂದಿಷ್ಟೂ ಗೊರಕೆಯಿಲ್ಲದೆ ನಿದ್ದೆ ಹೋಗುತ್ತಿದ್ದರು. ಸಭೆ ಮುಗಿದು ಕೆಲಸದ ಗಂಟೆ ಹೊಡೆದಾಗ ಎದ್ದು ಬೀಗಗಳ ಕಡೆಗೆ ನಡೆಯುತ್ತಿದ್ದರು. ಹೀಗೆ, ಎಚ್ಚರವಿದ್ದಿದ್ದರೆ ಖಂಡಿತ ಸಹಿ ಹಾಕಿಬಿಡುತ್ತಿದ್ದ ಆ ಮನುಷ್ಯನನ್ನು ನಿದ್ದೆ ಕಾಪಾಡಿಕೊಂಡು ಬಂದಿತ್ತು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮ್ಯಾನೇಜರಿಗೆ ಸನ್ಮಾನ ಮಾಡುವ ಹುಚ್ಚು. ಕಳೆದ ಹತ್ತು ವರ್ಷಗಳಲ್ಲಿ ಯಾರ ನಿಧಿ ಅತಿ ಹೆಚ್ಚು ಬೆಳೆದಿದೆಯೋ ಅವರಿಗೆ ಹಾರ ಹಾಕುತ್ತೇವೆಂದು ನೋಟಿಸು ಅಂಟಿಸಿದರು. ಭಾವ ಹೊಸ ಷರ್ಟು ಹಾಕಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತರು. ಮ್ಯಾನೇಜರು ಲಕೋಟೆ ತೆರೆದರು, ಕನ್ನಡಕ ಒರೆಸಿಕೊಂಡರು, ಮತ್ತೆ ಓದಿದರು.

"ತಾಳೆ ನೋಡೋ ವಿಭಾಗದ ದಾಕ್ಷಿಣ್ಯಪ್ಪನವರು."

ಭಾವ ಆಗಲೇ ಅರ್ಧ ಎದ್ದಿದ್ದರು. ಷರ್ಟಿನ ಮಡಿಕೆ ಸರಿಮಾಡಿಕೊಳ್ಳಲು ಎದ್ದವರಂತೆ ನಟಿಸಿ ಕೂತರು.

"ಏನ್ರೀ ಇದು ನಿಮ್ಮ ತಂತ್ರ?" ಎಂದರು ಮ್ಯಾನೇಜರು, ಹಾರ ಹಾಕುತ್ತ. "ಎಲ್ಲರಿಗೂ ಸ್ವಲ್ಪ ಹೇಳಿ."

ಮಲಗಿದ್ದೆ ಎನ್ನುವುದು ಸತ್ಯ. ಆದರೆ ಎದುರಿಗೆ ಭಾವ ಕೂತಿದ್ದಾರೆ. ಮದುವೆಯಾದಂದಿನಿಂದ ಈ ಭಾವನ ಮುಂದೆ ದಾಕ್ಷಿಣ್ಯಪ್ಪನವರು ಬುದ್ಧಿವಂತರಾಗಿ ಕಂಡ ದಿನವೇ ಇಲ್ಲ. ಕೊರಳಲ್ಲಿ ಹಾರ ಬಿದ್ದಿದೆ. ಮನುಷ್ಯ ಎಷ್ಟೆಂದರೂ ಮನುಷ್ಯನೇ. ಅವರು ಗಲ್ಲ ನೀವಿಕೊಂಡರು.

"ಕಾಯಬೇಕು," ಎಂದರು.

ಆಗ ಬೀಗದ ಕೈಗಳಿಗೆ ಅರ ಹಾಕುವ ಮೇಸ್ತ್ರಿ ಎದ್ದು ನಿಂತರು. "ಈಗ ಅರ್ಥ ಆಯ್ತು ಸಾರ್. ನಾನು ಇವರ ಪಕ್ಕದಲ್ಲೇ ಕೂರೋದು. ಸಭೆ ಶುರು ಆದ ಕೂಡಲೇ ಇವರು ಕಣ್ಣು ಮುಚ್ಚಿ ಯೋಚನೆಗೆ ಇಳೀತಾರೆ. ನಾನು ಎಷ್ಟೋ ಸಲ ನೋಡಿದೀನಿ, ಉಸಿರು ಕೂಡ ನಿಧಾನ ಆಗಿಬಿಡುತ್ತೆ. ಎಲ್ಲಾ ಅಳೆದು ತೂಗಿ, ಬೇಡ ಅಂತ ತೀರ್ಮಾನ ಮಾಡ್ತಾರೆ."

ಮೇಸ್ತ್ರಿ ಇಷ್ಟು ಪ್ರೀತಿಯಿಂದ ಹೇಳುತ್ತಿರುವಾಗ ಇಲ್ಲ ಎನ್ನುವುದು ಹೇಗೆ? ದಾಕ್ಷಿಣ್ಯಪ್ಪನವರು ನಕ್ಕು ತಲೆ ತಗ್ಗಿಸಿದರು. ಅದನ್ನು ಜನ ವಿನಯ ಎಂದು ತಿಳಿದರು.

ಮಾರನೆಯ ದಿನದಿಂದ ಅವರ ಕಣ್ಣಿಗೆ ಬೆಲೆ ಬಂತು. ಕಣ್ಣು ಮುಚ್ಚಿದರೆ ಬೇಡ, ತೆರೆದಿದ್ದರೆ ಸರಿ. ಬೀಗದ ಲೋಹದ ಪುಡಿ ಕಣ್ಣಿಗೆ ಬಿದ್ದು ಉಜ್ಜಿಕೊಂಡರೆ ಪಾಲಿಶ್ ವಿಭಾಗದವರು ಕುದುರೆ ಯೋಜನೆಯಿಂದ ಇಳಿಯುತ್ತಿದ್ದರು. ಮ್ಯಾನೇಜರು ತಮ್ಮ ಮಗಳಿಗೆ ನೋಡಿದ ವರನ ಫೋಟೋ ತಂದು, ಏನೂ ಹೇಳದೆ, ಅವರ ಮುಂದೆ ಹಿಡಿದು ಕಾದರು. ಅಷ್ಟರಲ್ಲಿ ದಾಕ್ಷಿಣ್ಯಪ್ಪನವರಿಗೆ ಸೀನು ಬಂತು. ಸೀನುವಾಗ ಕಣ್ಣು ತೆರೆದುಕೊಂಡಿರಲು ಯಾರಿಂದ ಸಾಧ್ಯ? ಪಾಪ, ಒಳ್ಳೆಯ ಹುಡುಗನಂತೆ.

ಭಾವನ ವರಸೆಯೂ ಬದಲಾಯಿತು. ಏಕವಚನ ಹೋಗಿ ಬಹುವಚನ ಬಂತು. ಭಾನುವಾರ ಮೂರು ಮಹಡಿ ಹತ್ತಿ ಬಂದು ಎದುರು ಕೂತು, ಪತ್ರಿಕೆ ಓದಿ ಹೇಳಿ, ಮುಖ ನೋಡತೊಡಗಿದರು. ತಂಗಿ ಒಳಗಿನಿಂದ, "ಅಣ್ಣಾ, ಇವರಿಗೆ ಏನೂ ಗೊತ್ತಿಲ್ಲ ಕಣೋ," ಎಂದರೆ, "ನೀನು ಸುಮ್ನಿರು. ಹಿತ್ತಲ ಗಿಡ ಮದ್ದಲ್ಲ," ಎನ್ನುತ್ತಿದ್ದರು.

ಇಷ್ಟಾಗಿದ್ದರೆ ನಗಬಹುದಿತ್ತು. ಆದರೆ ಸುದ್ದಿ ಮೆಟ್ಟಿಲಿಳಿದು ನೆಲಮಹಡಿಗೂ ಹೋಯಿತು. ಟೈಲರಮ್ಮ ಬಟ್ಟೆ ಅಳೆಯುವ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದರು.

"ನಿಮ್ಮ ಯಜಮಾನರು ಷೇರುಪೇಟೆ ಹುಲಿಯಂತೆ," ಎಂದರು ಹೆಂಡತಿಗೆ. "ನನಗೆ ಗೊತ್ತೇ ಇರಲಿಲ್ಲ ನೋಡಿ. ಬಡವರು ಅಂತ ಬೆಲೆ ಕಮ್ಮಿ ಹೇಳಿದ್ದೆ. ಈಗ ಸ್ವಲ್ಪ ಜಾಸ್ತಿ ಕೊಟ್ಟುಬಿಡಿ."

ಆ ಸಂಜೆ ಹೆಂಡತಿ ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡರು, ಅದೂ ಆ ಕೂದಲಿನ ಎಣ್ಣೆಯನ್ನೇ. ಬೈದಿದ್ದರೆ ದಾಕ್ಷಿಣ್ಯಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಒಂದೇ ಒಂದು ಸಲ ಜಂಬ ಪಟ್ಟುಕೊಂಡದ್ದಕ್ಕೆ ಹೆಂಡತಿಯ ಮನೆ ಕೈತಪ್ಪುತ್ತಿದೆಯಲ್ಲ ಎಂದು ಅವರು ಕೊರಗಿದರು.

ಅದೇ ಸಮಯಕ್ಕೆ ಪೇಟೆ ಬಿತ್ತು. ಸುಮ್ಮನೆ ಬೀಳಲಿಲ್ಲ, ಮೆಟ್ಟಿಲಿನಿಂದ ಜಾರಿದ ಪಾತ್ರೆಯಂತೆ ಸದ್ದು ಮಾಡುತ್ತ ಬಿತ್ತು. ಚಿರತೆ ಬಿತ್ತು, ಗಿಡುಗ ಬಿತ್ತು, ಕುದುರೆ ಬಿತ್ತು, ಹೆಸರಿಲ್ಲದ್ದೂ ಬಿತ್ತು. ಇಡೀ ಕಾರ್ಖಾನೆ ಅವರ ಮೇಜಿನ ಸುತ್ತ ನೆರೆಯತೊಡಗಿತು. "ನೀವು ಏನು ಮಾಡ್ತೀರೋ ನಾವೂ ಅದನ್ನೇ ಮಾಡ್ತೀವಿ," ಎಂದರು ಪ್ಯಾಕಿಂಗಿನ ಹೆಂಗಸರು. "ನಮ್ಮ ಮುದಿತನ ನಿಮ್ಮ ಕೈಯಲ್ಲಿದೆ ಸಾರ್." ಇಷ್ಟೊಂದು ಜನರ ಮುದಿತನವನ್ನು ಕೈಯಲ್ಲಿ ಹಿಡಿದುಕೊಂಡು ಯಾರಿಗೆ ತಾನೇ ನಿದ್ದೆ ಬಂದೀತು? ದಾಕ್ಷಿಣ್ಯಪ್ಪನವರ ನಿದ್ದೆ ಹಾರಿಹೋಯಿತು. ಮನೆಯಲ್ಲೂ ಇಲ್ಲ, ಬಸ್ಸಿನಲ್ಲೂ ಇಲ್ಲ.

ಟೈ ಸಾಹೇಬರು ತುರ್ತು ಸಭೆ ಕರೆದರು. ಸಂಸ್ಥೆ ಹೊಸದಾಗಿ ಸಿಂಹ ಯೋಜನೆ ತಂದಿತ್ತು. ಬಿದ್ದದ್ದನ್ನೆಲ್ಲ ಬಿದ್ದ ಬೆಲೆಗೇ ಮಾರಿ, ಎಲ್ಲರೂ ಅಂದೇ ಸಿಂಹದ ಬೆನ್ನೇರಬೇಕು. ಸಿಂಹವೆಂದ ಮೇಲೆ ಶುಲ್ಕವೂ ಸಿಂಹದ್ದೇ. ದಾಕ್ಷಿಣ್ಯಪ್ಪನವರ ಕಣ್ಣಿನ ಸಮಾಚಾರ ಟೈ ಸಾಹೇಬರ ಕಿವಿಗೂ ಮುಟ್ಟಿತ್ತು. ಅವರು ಕಸುಬಿನಲ್ಲಿ ಪಳಗಿದವರು. ದೀಪ ಆರಿಸಲಿಲ್ಲ. ಫ್ಯಾನು ನಿಲ್ಲಿಸಿದರು. ದಾಕ್ಷಿಣ್ಯಪ್ಪನವರನ್ನು ಕೈ ಹಿಡಿದು ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿ, ಫ್ಲಾಸ್ಕಿನಿಂದ ತಾವೇ ಗಟ್ಟಿ ಕಾಫಿ ಬಗ್ಗಿಸಿದರು.

"ತಗೊಳ್ಳಿ ಸಾರ್."

ತಗೊಂಡರು.

"ಇನ್ನೊಂದು ಸ್ವಲ್ಪ."

ಬೇಡ ಎನ್ನಲು ಬಾಯಿ ತೆರೆದರು. "ಆಗಲಿ," ಎಂದು ಹೊರಬಂತು. ಹೀಗೆ ಫ್ಲಾಸ್ಕು ಖಾಲಿಯಾಯಿತು. ಟೈ ಸಾಹೇಬರು ಮಾತಾಡುತ್ತಿದ್ದ ಹೊತ್ತೆಲ್ಲ ದಾಕ್ಷಿಣ್ಯಪ್ಪನವರು ಗೂಬೆಯಂತೆ ಕಣ್ಣು ಬಿಟ್ಟುಕೊಂಡು ಕೂತರು. ರೆಪ್ಪೆ ಅಂಟಿಸಿದರೂ ಅಂಟದು. ಹಿಂದಿನ ಸಾಲುಗಳಲ್ಲಿ ಗುಸುಗುಸು ಹಬ್ಬಿತು.

"ತೆರೆದೇ ಇದೆ."

"ಸರಿಯಾಗಿ ನೋಡಿದ್ರಾ?"

"ಎರಡೂ ತೆರೆದಿದೆ."

ಪೆನ್ನುಗಳ ಮುಚ್ಚಳ ತೆರೆಯುವ ಸದ್ದು ಕೇಳಿಸಿತು. ದಾಕ್ಷಿಣ್ಯಪ್ಪನವರು ಎದ್ದು ನಿಂತರು.

"ನೋಡಿ, ನನ್ನ ಮಾತು ಕೇಳಿ," ಎಂದರು. ಕಾಫಿಯಿಂದಾಗಿ ಧ್ವನಿ ನಡುಗುತ್ತಿತ್ತು. "ನನಗೆ ಚಿರತೆನೂ ಗೊತ್ತಿಲ್ಲ, ಸಿಂಹನೂ ಗೊತ್ತಿಲ್ಲ. ನಾನು ಯೋಚನೆ ಮಾಡ್ತಿರಲಿಲ್ಲ. ಇಷ್ಟು ವರ್ಷ ಇಲ್ಲಿ ನಿದ್ದೆ ಮಾಡ್ತಿದ್ದೆ. ಬರೀ ನಿದ್ದೆ."

ಭಾವ ಚಪ್ಪಾಳೆ ತಟ್ಟಿದರು.

"ನೋಡಿದ್ರಾ? ದೊಡ್ಡವರು ಮಾತಾಡೋದೇ ಹೀಗೆ," ಎಂದರು. "ತುಂಬಿದ ಕೊಡ ತುಳುಕಲ್ಲ."

ಇಡೀ ಕ್ಯಾಂಟೀನು ಚಪ್ಪಾಳೆ ತಟ್ಟಿತು. ಸುಳ್ಳು ಹೇಳಿದಾಗ ಹಾರ ಬಿತ್ತು, ಸತ್ಯ ಹೇಳಿದಾಗ ಚಪ್ಪಾಳೆ ಬಿತ್ತು. ಇನ್ನು ಏನು ಹೇಳಿದರೂ ಪ್ರಯೋಜನವಿಲ್ಲವೆಂದು ಅವರಿಗೆ ಮನವರಿಕೆಯಾಯಿತು.

ಟೈ ಸಾಹೇಬರು ಪಕ್ಕಕ್ಕೆ ಕುರ್ಚಿ ಎಳೆದು ಕೂತು, ಅರ್ಜಿಯನ್ನು ಮಂಡಿಯ ಮೇಲಿಟ್ಟು, ಪೆನ್ನು ಕೈಗೆ ಕೊಟ್ಟರು. "ಮೊದಲ ಸಹಿ ತಮ್ಮದೇ ಆಗಬೇಕು ಸಾರ್. ನನ್ನ ಕೆಲಸ ಉಳಿಯೋದು ತಮ್ಮ ಕೈಯಲ್ಲಿದೆ. ಮನೇಲಿ ಚಿಕ್ಕ ಮಕ್ಕಳಿದಾರೆ." ಕಣ್ಣಲ್ಲಿ ನೀರು ತಂದುಕೊಂಡರು. ವಿಶ್ವಕೋಶದವನು ತಂದುಕೊಂಡದ್ದೂ ಇದೇ ತೂಕದ ನೀರು.

ದಾಕ್ಷಿಣ್ಯಪ್ಪನವರ ಕೈ ತಾನಾಗಿ ಕಾಗದದ ಮೇಲೆ ಹೋಯಿತು. ಆ ಕೈ ಜೀವಮಾನದಲ್ಲಿ ಯಾರಿಗೂ ಇಲ್ಲ ಎಂದಿರಲಿಲ್ಲ. ಪೆನ್ನಿನ ಮೊನೆ ಕಾಗದ ಮುಟ್ಟಿತು. ಆಗ ಅವರಿಗೆ ಮೆಟ್ಟಿಲಿನ ತಿರುವಿನ ಗೋಡೆ ಕಣ್ಣ ಮುಂದೆ ಬಂತು, ಸುಣ್ಣದ ಮೇಲಿನ ಭುಜದ ಗುರುತು, ಅದಕ್ಕೆ ಒರಗಿ ಏದುಸಿರು ಬಿಡುವ ಹೆಂಡತಿ. ಬೇಡ ಎನ್ನಬೇಕು. ಬಾಯಿ ತೆರೆದರೆ ಆಗಲಿ ಎಂದೇ ಬರುವುದು ಖಂಡಿತ. ಹಾಗಾದರೆ ಬಾಯಿ ತೆರೆಯಬಾರದು.

ಅವರು ಕಣ್ಣು ಮುಚ್ಚಿದರು. ತಲೆಯನ್ನು ಮೆಲ್ಲಗೆ ಟೈ ಸಾಹೇಬರ ಭುಜದ ಮೇಲೆ ಇಳಿಸಿದರು. ನಿಜವಾದ ನಿದ್ದೆಯಲ್ಲಿ ಎಂದೂ ಗೊರಕೆ ಹೊಡೆಯದವರು, ನಟನೆಯ ಅನುಭವ ಸಾಲದೆ, ಕಿಟಕಿ ಅದುರುವ ಹಾಗೊಂದು ಗೊರಕೆ ಹೊಡೆದರು.

"ಮುಚ್ಚಿದ್ರು," ಎಂದರು ಅರ ಹಾಕುವ ಮೇಸ್ತ್ರಿ.

"ಮುಚ್ಚಿದ್ರು, ಮುಚ್ಚಿದ್ರು," ಎಂದು ಮಾತು ಹಿಂದಿನ ಬೆಂಚಿನವರೆಗೆ ಹೋಯಿತು. "ಇಷ್ಟು ಜೋರಾಗಿ ಬೇಡ ಅಂದಿದ್ದು ನಾನು ಯಾವತ್ತೂ ನೋಡಿಲ್ಲ," ಎಂದರು ಪ್ಯಾಕಿಂಗಿನ ಹೆಂಗಸೊಬ್ಬರು. ಪೆನ್ನುಗಳು ಜೇಬು ಸೇರಿದವು. ಅರ್ಜಿಗಳು ಮೇಜಿನ ಮೇಲೇ ಉಳಿದವು. ಜನ ಒಬ್ಬೊಬ್ಬರಾಗಿ, ಸದ್ದಾಗದಂತೆ ತುದಿಗಾಲಲ್ಲಿ ನಡೆದು ಕೆಲಸಕ್ಕೆ ಹೋದರು.

ಟೈ ಸಾಹೇಬರು ಅಲುಗಾಡಿಸಿದರು, ಸಾರ್ ಸಾರ್ ಎಂದರು, ಕಾಫಿ ಲೋಟವನ್ನು ಮೂಗಿನ ಬಳಿ ಹಿಡಿದರು. ಮಲಗಿದವರನ್ನು ಎಬ್ಬಿಸಬಹುದು, ಮಲಗಿದಂತೆ ನಟಿಸುವವರನ್ನು ಎಬ್ಬಿಸಲು ಯಾರಿಂದಲೂ ಆಗದು. ಸ್ವಲ್ಪ ಹೊತ್ತಿನಲ್ಲಿ ಗೊರಕೆ ನಿಂತಿತು. ಅಷ್ಟೂ ಜನರ ಮುದಿತನ ಕೈಯಿಂದ ಇಳಿದುಹೋಗಿತ್ತು. ಫ್ಲಾಸ್ಕಿನ ಕಾಫಿಯನ್ನೂ ಲೆಕ್ಕಿಸದೆ ದಾಕ್ಷಿಣ್ಯಪ್ಪನವರು ನಿಜವಾಗಿಯೇ ನಿದ್ದೆ ಹೋಗಿದ್ದರು. ಟೈ ಸಾಹೇಬರು ಸಂಜೆಯ ಗಂಟೆ ಹೊಡೆಯುವವರೆಗೂ ಭುಜ ಕೊಟ್ಟುಕೊಂಡು ಕೂತಿದ್ದರು. ಅವರಿಗೂ ಒಂದಿಷ್ಟು ದಾಕ್ಷಿಣ್ಯವಿತ್ತೆಂದು ಕಾಣುತ್ತದೆ.

ಬಿದ್ದ ಪೇಟೆ ತನಗೆ ತೋಚಿದಾಗ ಎದ್ದಿತು. ಯಾಕೆ ಬಿತ್ತು, ಯಾಕೆ ಎದ್ದಿತು ಎಂದು ಪತ್ರಿಕೆಗಳು ಬರೆದವು. ಮೊದಲೇ ಯಾಕೆ ಹೇಳಲಿಲ್ಲವೆಂದು ಮಾತ್ರ ಯಾವುದೂ ಬರೆಯಲಿಲ್ಲ. ಏನೂ ಮಾಡದೆ ಕೂತವರ ಹಣ ಏನೂ ಮಾಡದೆ ವಾಪಸು ಬಂತು. ವರ್ಷ ತುಂಬಿ ದಾಕ್ಷಿಣ್ಯಪ್ಪನವರಿಗೆ ನಿವೃತ್ತಿಯಾಯಿತು.

ಮನೆಯ ವ್ಯಾಪಾರಕ್ಕೆ ಟೈಲರಮ್ಮ ಮೇಲೆ ಬಂದರು. ಹೆಚ್ಚಿಸಿದ ಬೆಲೆ ಹೇಳಿದರು. ದಾಕ್ಷಿಣ್ಯಪ್ಪನವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಗೊರಕೆ ತೆಗೆದರು. ಟೈಲರಮ್ಮ ಕಾದರು, ಕೆಮ್ಮಿದರು, ಬೆಲೆ ಸ್ವಲ್ಪ ಇಳಿಸಿದರು. ಗೊರಕೆ ಏರಿತು. ಹಳೆಯ ಬೆಲೆಗೆ ಇಳಿದಾಗ ಕಣ್ಣು ತೆರೆಯಿತು. ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಓಡಿದರು. ಮೊಣಕಾಲಿನ ನೋವು ಆ ಗಳಿಗೆ ಮರೆತೇ ಹೋಗಿತ್ತು.

ನೆಲಮಹಡಿಯ ಮನೆಗೆ ಬಂದ ಮೊದಲ ಭಾನುವಾರ ಬಾಗಿಲು ತಟ್ಟಿದ ಸದ್ದಾಯಿತು. ದಾಕ್ಷಿಣ್ಯಪ್ಪನವರು ಕಿಟಕಿಯಲ್ಲಿ ಇಣುಕಿ ನೋಡಿ, ಓಡಿಬಂದು ಕುರ್ಚಿಯಲ್ಲಿ ಬಿದ್ದುಕೊಂಡರು. ಹೆಂಡತಿ ಬಾಗಿಲು ತೆರೆದರು. ಭಾವ ನಿಂತಿದ್ದರು. ಪತ್ರಿಕೆ ಕಂಕುಳಲ್ಲೇ ಇತ್ತು, ಮುಖ ಮಾತ್ರ ಇಳಿದುಹೋಗಿತ್ತು.

ಆ ಸಭೆಯ ದಿನ ಎಲ್ಲರೂ ಹೋದ ಮೇಲೆ ಒಬ್ಬರು ಮಾತ್ರ ಹಿಂದಕ್ಕೆ ಬಂದು, ತಂಗಿಯ ಗಂಡ ಮಲಗಿದ್ದ ಭುಜದ ಪಕ್ಕದಲ್ಲೇ ಬಾಗಿ, ಸಿಂಹ ಯೋಜನೆಗೆ ಸಹಿ ಹಾಕಿ ಹೋಗಿದ್ದರು. ಎಲ್ಲರೂ ಕೂತಿರುವಾಗ ತಾನೊಬ್ಬ ಓಡಿದರೆ ಮುಂದೆ ಹೋಗುತ್ತೇನೆಂದು ಲೆಕ್ಕ ಹಾಕಿದ್ದರು. ಸಿಂಹ ಅಂದಿನಿಂದ ಮಲಗಿದ್ದು ಇನ್ನೂ ಎದ್ದಿರಲಿಲ್ಲ, ಶುಲ್ಕ ಮಾತ್ರ ಹೊತ್ತುಹೊತ್ತಿಗೆ ತಿನ್ನುತ್ತಿತ್ತು.

"ಈಗ ಗಿಡುಗ ಏರ್ತಾ ಇದೆ ಅಂತಾರಮ್ಮ," ಎಂದರು ಭಾವ. "ಅದಕ್ಕೆ ಹಾರಿಬಿಡೋಣ ಅಂತಿದೀನಿ. ನಿನ್ನ ಯಜಮಾನರನ್ನ ಒಂದು ಮಾತು ಕೇಳ್ಕೊಂಡು ಹೋಗೋಣ ಅಂತ ಬಂದೆ."

ಒಳಗಿನಿಂದ ಗೊರಕೆ ಕೇಳಿಸಿತು. ಗೊರಕೆ ಬಂತೆಂದರೆ ಗಂಡ ಎಚ್ಚರವಾಗಿದ್ದಾರೆಂದು ಹೆಂಡತಿಗೆ ಗೊತ್ತಿತ್ತು. ಅಣ್ಣನ ಇಳಿದ ಮುಖ ನೋಡಿ ಆಕೆಗೆ ಕನಿಕರವಾಯಿತು. ಕಂಕುಳಿನಿಂದ ಪತ್ರಿಕೆ ತೆಗೆದುಕೊಂಡು ಮಡಿಸಿ, ಹೊಸ ಮನೆಯ ಪಾತ್ರೆ ಕಪಾಟಿಗೆ ಹಾಸಲು ಪಕ್ಕಕ್ಕಿಟ್ಟರು.

"ಅಣ್ಣಾ, ಅವರು ಮಲಗಿದಾರೆ," ಎಂದರು. "ನೀನೂ ಮನೆಗೆ ಹೋಗಿ ಮಲಕ್ಕೋ."